ಡೈನೋಸಾರ್ ಚಿತ್ರ ಬಂದರೆ ನಾನು ಮೊದಲು ನೋಡುವುದು ಕೈ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಸುವುದು, ಬಂದದ್ದನ್ನು ನೋಡಿ ಓಕೆ ಮಾಡುವುದು ನನ್ನ ಕೆಲಸ. ಡೈನೋಸಾರ್ ಚಿತ್ರ ಬಂತು ಅಂದರೆ ಎಲ್ಲರ ಕಣ್ಣು ಹಲ್ಲಿನ ಮೇಲೆ. ನಾನು ಕೈ ನೋಡುತ್ತೇನೆ. ಟಿ. ರೆಕ್ಸ್‌ಗೆ ಎರಡೇ ಬೆರಳು. ಅಂಗೈ ಒಳಮುಖವಾಗಿರಬೇಕು, ಚಪ್ಪಾಳೆ ತಟ್ಟಲು ಹೊರಟ ಹಾಗೆ. ಮೂರು ಬೆರಳು ಬಿಟ್ಟುಕೊಂಡು, ಅಂಗೈ ಕೆಳಗೆ ಮಾಡಿ ನಿಂತಿದ್ದರೆ ಕಲಾವಿದರು ಮೂಳೆ ನೋಡಿ ಬರೆದಿಲ್ಲ, ಇನ್ಯಾವುದೋ ಪುಸ್ತಕ ನೋಡಿ ಬರೆದಿದ್ದಾರೆ. ಆ ಪುಸ್ತಕದವರು ಮತ್ತೊಂದನ್ನು ನೋಡಿರುತ್ತಾರೆ. ಹಳೇ ತಪ್ಪಿಗೆ ಹೊಸ ಬಣ್ಣ, ಅಷ್ಟೇ.

ಆಮೇಲೆ ನೆಲ. ಇದನ್ನು ಯಾರೂ ನೋಡುವುದೇ ಇಲ್ಲ. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಅದರ ಕಾಲ ಕೆಳಗೆ ಹಸಿರು ಹುಲ್ಲುಹಾಸು ಬರೆದು ಕಳಿಸುತ್ತಾರೆ! ಆಗ ಹುಲ್ಲೆಲ್ಲಿತ್ತು? ಜರೀಗಿಡ, ಸೈಕಾಡ್, ಸೂಜಿ ಎಲೆಯ ಮರಗಳು ಬೇಕು. ಹಾಗಂತ ಎಲ್ಲ ಚಿತ್ರದಿಂದಲೂ ಹುಲ್ಲು ಕಿತ್ತುಹಾಕುವ ಹಾಗೂ ಇಲ್ಲ. ಮಹಾರಾಷ್ಟ್ರದ ಪಿಸ್ಡೂರಾದಲ್ಲಿ ಸಿಕ್ಕ ಕಲ್ಲಾದ ಲದ್ದಿಯಲ್ಲಿ ಹುಲ್ಲಿನ ಕಣಗಳಿರುವುದು 2005ರಲ್ಲಿ ಗೊತ್ತಾಯಿತು. ಅದು ಡೈನೋಸಾರ್ ಯುಗದ ಕೊನೆಯ ಭಾಗ. ಹಾಗಾಗಿ ನರ್ಮದಾ ಕಣಿವೆಯ ರಾಜಾಸಾರಸ್ ಪಕ್ಕ ನಾಲ್ಕು ಹುಲ್ಲಿನ ಎಸಳು ಇದ್ದರೆ ನಾನು ಸುಮ್ನೆ ಬಿಡುತ್ತೇನೆ.

ಟಿ. ರೆಕ್ಸ್ ಮತ್ತು ಸ್ಟೆಗೊಸಾರಸ್ ಜಗಳವಾಡುವ ಚಿತ್ರ ವಾಪಸ್. ಇಬ್ಬರ ನಡುವೆ 8 ಕೋಟಿ ವರ್ಷ ಅಂತರ.

ಗರಿ ಬಂದರೆ ಮಾತ್ರ ಜಗಳ ಆಫೀಸಿನೊಳಗೇ. ವೆಲಾಸಿರ್ಯಾಪ್ಟರ್ ಮುಂಗೈ ಮೂಳೆಯ ಮೇಲೆ ಗರಿ ಕೂತಿದ್ದ ಉಬ್ಬುಗಳಿರುವುದು 2007ರಲ್ಲೇ ವರದಿಯಾಗಿದೆ. ಗಾತ್ರವೂ ಟರ್ಕಿ ಕೋಳಿಯಷ್ಟೇ. 'ಇದಕ್ಕೆ ಮಕ್ಕಳು ಹೆದರಲ್ಲ ಮೇಡಂ, ಗರಿ ತೆಗೆಸಿ' ಅಂತಾರೆ ಮಾರಾಟದವರು. ಹೆದರಿಸಲೇಬೇಕಾ? ಉಗುರು ನೋಡಿ ಅಂತೀನಿ.

ಕಾರ್ಟೂನ್ ಶೈಲಿ ಬಗ್ಗೆ ನನ್ನ ತಕರಾರಿಲ್ಲ. ದುಂಡು ಕಣ್ಣು, ನಗುಮುಖ ಇದ್ದೂ ಬಾಲ ನೆಲ ಬಿಟ್ಟು ಮೇಲಿದ್ದರೆ ಅದು ಒಳ್ಳೆ ಚಿತ್ರ. ಮಿರಮಿರ ಮಿಂಚುವ ಕಂಪ್ಯೂಟರ್ ಚಿತ್ರಗಳಲ್ಲೇ ಎಡವಟ್ಟು ಜಾಸ್ತಿ.

ಈಗ ಕೆಲಸ ಒಪ್ಪಿಸುವಾಗಲೇ ಅಸ್ಥಿಪಂಜರದ ಚಿತ್ರ, ಪ್ರಾಣಿಯ ಕಾಲ, ಊರು, ಅಲ್ಲಿದ್ದ ಗಿಡಗಳ ಹೆಸರು ಕಳಿಸುತ್ತೇನೆ. ಪೆನ್ಸಿಲ್ ಸ್ಕೆಚ್‌ನಲ್ಲೇ ಬೆರಳು ಎಣಿಸುತ್ತೇನೆ. ಬಣ್ಣ ಹಚ್ಚಿದ ಮೇಲೆ ಬೆರಳು ಕಡಿಮೆ ಮಾಡಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತೆ ಅಲ್ವಾ? ಬಣ್ಣ ಮಾತ್ರ ಹೆಚ್ಚಿನಂಶ ಅವರಿಗೇ ಬಿಟ್ಟದ್ದು. ಚೀನಾದ ಸೈನೋಸಾರಾಪ್ಟೆರಿಕ್ಸ್ ಬರೆಯುವವರಿಗೆ ಆ ಸ್ವಾತಂತ್ರ್ಯವೂ ಇಲ್ಲ, ಅದರ ಬಾಲದಲ್ಲಿ ಕೆಂಗಂದು ಪಟ್ಟೆಗಳಿದ್ದವು ಅಂತ 2010ರಲ್ಲಿ ಗೊತ್ತಾಗಿಬಿಟ್ಟಿದೆ.