ಸಮಾಧಾನಕ್ಕೆ ಹೇಳಿದ ‘ವಿಟಮಿನ್’ ಅನ್ನೋ ಮಾತು

ಹಾಸನದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಕಾಫಿ ಕೊಯ್ಲಿನ ಸಮಯ. ಸಕಲೇಶಪುರದ ಕಡೆಯ ಹುಡುಗನೊಬ್ಬನ ರಕ್ತ ಬಂತು. ವಸಡಿನಿಂದ ರಕ್ತ ಸೋರೋದು ನಿಲ್ಲುತ್ತಿರಲಿಲ್ಲ. ಪ್ಲೇಟ್‌ಲೆಟ್ ಬರೀ 14 ಸಾವಿರ.

ಸ್ಲೈಡ್‌ಗೆ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಬಿಳಿ ರಕ್ತಕಣಗಳ ಒಳಗೆ ಕೆಂಪಗಿನ ತೆಳು ಕಡ್ಡಿಗಳು, ಸೌದೆ ಹೊರೆ ಕಟ್ಟಿಟ್ಟ ಹಾಗೆ. ಸೀದಾ ಪ್ಯಾಥಾಲಜಿಸ್ಟ್ ಮೇಡಂ ಹತ್ತಿರ ಓಡಿದೆ. ಎಪಿಎಲ್ ಅನ್ನೋ ರಕ್ತದ ಕ್ಯಾನ್ಸರ್ ಇರಬಹುದು, ಇವತ್ತೇ ಬೆಂಗಳೂರಿಗೆ ಹೋಗಲಿ ಅಂದರು.

ಹುಡುಗನ ಅಣ್ಣ ಬೆಂಚಿನ ಮೇಲೆ ಅಳುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. “ಹೆದರಬೇಡಿ, ಇದಕ್ಕೆ ವಿಟಮಿನ್ ಎ ಜಾತಿಯ ಮಾತ್ರೆ ಇದೆ” ಅಂದುಬಿಟ್ಟೆ.

ಮರುದಿನ ಬೆಳಗ್ಗೆ ಅವರು ಮತ್ತೆ ಬಂದರು. ಕೈಯಲ್ಲಿ ವಿಟಮಿನ್ ಎ ಮಾತ್ರೆ, ಒಂದು ಕವರ್ ಕ್ಯಾರೆಟ್. “ಸಾರ್, ಇದೇ ಅಲ್ವಾ? ದಿನಕ್ಕೆ ಎಷ್ಟು ಕೊಡಲಿ?”

ಎದೆ ಧಸಕ್ಕೆಂದಿತು. ಇಡೀ ರಾತ್ರಿ ಹುಡುಗ ಮನೆಯಲ್ಲೇ ಇದ್ದ. ಈ ಕಾಯಿಲೆಯಲ್ಲಿ ಮೆದುಳಲ್ಲಿ ರಕ್ತ ಸೋರಿ ಒಂದೇ ದಿನದಲ್ಲಿ ಜೀವ ಹೋಗಬಹುದು.

ಅವರನ್ನು ಕೂರಿಸಿ ಹೇಳಿದೆ. ಬಿಳಿ ರಕ್ತಕಣ ಮೂಳೆ ಮಜ್ಜೆಯಲ್ಲಿ ಹುಟ್ಟಿ, ಬಲಿತು, ಕೆಲಸ ಮಾಡಿ ಸಾಯಬೇಕು. ಇಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ, ಕಣ ಎಳಸಾಗಿಯೇ ನಿಂತುಬಿಡುತ್ತೆ. ಆಟ್ರಾ ಅನ್ನೋ ಔಷಧಿ ಆ ತಡೆ ಬಿಡಿಸಿ ಕಣವನ್ನು ಬಲಿಸುತ್ತೆ. ಅದು ವಿಟಮಿನ್ ಎ ಇಂದ ಬಂದದ್ದು ನಿಜ, ಆದರೆ ಅಂಗಡಿಯ ಮಾತ್ರೆ ಅಲ್ಲ. ಆ ಮಾತ್ರೆ ಜಾಸ್ತಿಯಾದರೆ ಲಿವರ್ ಕೆಡುತ್ತೆ. ಆಟ್ರಾ ಕೊಡುವಾಗಲೂ ಜ್ವರ, ಉಸಿರಾಟದ ತೊಂದರೆ ಬರಬಹುದು, ಡಾಕ್ಟರ್ ಪಕ್ಕದಲ್ಲೇ ಇರಬೇಕು. ಅನುಮಾನ ಬಂದ ಕೂಡಲೇ, ಜೀನ್ ಟೆಸ್ಟ್‌ಗೂ ಕಾಯದೆ ಶುರು ಮಾಡುತ್ತಾರೆ.

ಧೈರ್ಯಕ್ಕೆ ಶಾಂಘೈ ಕಥೆಯನ್ನೂ ಹೇಳಿದೆ. ಅಲ್ಲಿ ಡಾಕ್ಟರ್ ವಾಂಗ್ ಝೆನ್‌ಯಿ ಅವರ ತಂಡ 24 ರೋಗಿಗಳಿಗೆ ಆಟ್ರಾ ಕೊಟ್ಟು 1988ರಲ್ಲಿ ಪ್ರಕಟಿಸಿತು. ಅವರಲ್ಲಿ 23 ಜನರಿಗೆ ಬೇರೆ ಔಷಧಿ ಇಲ್ಲದೆ ಆಟ್ರಾದಿಂದಲೇ ಕಾಯಿಲೆ ಹಿಮ್ಮೆಟ್ಟಿತ್ತು. ಈಗ ಜೊತೆಗೆ ಆರ್ಸೆನಿಕ್‌ನಿಂದ ಮಾಡಿದ ಔಷಧಿಯನ್ನೂ ಕೊಡುತ್ತಾರೆ, ಬಹಳಷ್ಟು ಜನ ಪೂರ್ತಿ ವಾಸಿಯಾಗುತ್ತಾರೆ.

ಅರ್ಧ ಗಂಟೆಯಲ್ಲಿ ಕಾರು ಹೊರಟಿತು. ಕ್ಯಾರೆಟ್ ಕವರ್ ಬೆಂಚಿನ ಮೇಲೇ ಉಳಿಯಿತು.

ಈಗ ರೋಗಿಯ ಮನೆಯವರ ಹತ್ತಿರ ನಾನು ಔಷಧಿಯ ಮಾತೇ ಎತ್ತುವುದಿಲ್ಲ. ಮೇಡಂ ಅವರನ್ನೇ ಕರೆತಂದು ಮಾತಾಡಿಸುತ್ತೇನೆ. ಯಾವ ಆಸ್ಪತ್ರೆ, ಯಾವಾಗ ಹೊರಡಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟು, ಸಂಜೆ ಫೋನ್ ಮಾಡಿ ಹೊರಟರಾ ಅಂತ ಕೇಳುತ್ತೇನೆ.

ತಿಂಗಳಾದ ಮೇಲೆ ಆ ಅಣ್ಣ ಫೋನ್ ಮಾಡಿದರು. ವಸಡಿನ ರಕ್ತ ನಿಂತಿದೆಯಂತೆ, ಹುಡುಗ ಮುದ್ದೆ ಕೇಳುತ್ತಿದ್ದಾನಂತೆ.