ನಿಶಿಜಿನ್‌ನಲ್ಲಿ ಫ್ರಾನ್ಸಿನ ಮಗ್ಗ

ಕ್ಯೋಟೋದ ನಿಶಿಜಿನ್ ನೇಕಾರರ ಕೇರಿ. ಈಗ ಅಲ್ಲಿ ಮಗ್ಗದ ಸದ್ದು ಮೊದಲಿನಷ್ಟು ಕೇಳಿಸುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಅಲ್ಲೊಂದು ಮನೆಯವರ ಪರಿಚಯವಿತ್ತು. ರಜೆಯ ದಿನ ನನ್ನನ್ನೂ ಕರೆದುಕೊಂಡು ಹೋದರು.

ಕಿಮೋನೋ ಮೇಲೆ ಸುತ್ತುವ ಅಗಲ ನಡುಪಟ್ಟಿ, ಓಬಿ, ನೇಯುತ್ತಿದ್ದರು. ಮಗ್ಗದ ಮೇಲಿಂದ ತೂತು ಹೊಡೆದ ರಟ್ಟಿನ ಕಾರ್ಡುಗಳು ಸರಮಾಲೆಯಾಗಿ ಇಳಿಬಿದ್ದಿದ್ದವು. ಅರೆ, ಜಕಾರ್ಡ್! ತೂತಿನ ಕಾರ್ಡುಗಳಿಂದ ವಿನ್ಯಾಸ ಮೂಡಿಸುವ ಫ್ರಾನ್ಸಿನ ಮಗ್ಗ. ನಮ್ಮ ರೇಷ್ಮೆ ಸೀರೆ ನೇಕಾರರ ಮನೆಯಲ್ಲಿ ನೋಡಿದ್ದೂ ಇದನ್ನೇ.

ಕ್ಯೋಟೋದಲ್ಲಿದ್ದ ಜಪಾನಿನ ಚಕ್ರವರ್ತಿ ಟೋಕಿಯೋಗೆ ಹೋದ ಮೇಲೆ ನಿಶಿಜಿನ್‌ಗೆ ದೊಡ್ಡ ಗಿರಾಕಿಗಳೇ ಇಲ್ಲದಾದರು. 1872ರಲ್ಲಿ ಕ್ಯೋಟೋ ಆಡಳಿತ ಹೊಸ ನೇಯ್ಗೆ ಕಲಿಯಲು ಮೂವರನ್ನು ಫ್ರಾನ್ಸಿನ ಲಿಯೋನ್‌ಗೆ ಕಳಿಸಿತು. ಇಬ್ಬರು ಈ ಜಕಾರ್ಡ್ ಮಗ್ಗ ಹೊತ್ತು ಬಂದರು. ಮೂರನೆಯವರು ಯೋಶಿದಾ ಚುಶಿಚಿ. 1874ರಲ್ಲಿ ವಾಪಸ್ ಬರುವಾಗ ಜಪಾನಿನದೇ ಇಝು ತೀರದ ಬಳಿ ಹಡಗು ಮುಳುಗಿ ತೀರಿಕೊಂಡರು. ಅಷ್ಟು ಹತ್ತಿರ ಬಂದು! ನೆನೆದರೆ ಸಂಕಟವಾಗುತ್ತದೆ. 1877ರಲ್ಲಿ ಮಗ್ಗ ಮಾಡುವ ಬಡಗಿ ಅರಾಕಿ ಕೊಹೇ ಆ ಮಗ್ಗವನ್ನು ನಿಶಿಜಿನ್‌ನಲ್ಲೇ ಮರದಲ್ಲಿ ಮಾಡಿ ತೋರಿಸಿದರು.

ಆದರೆ ನನ್ನ ಕಣ್ಣು ನೆಟ್ಟಿದ್ದು ಆ ನೇಕಾರ ಅಮ್ಮನ ಕೈ ಮೇಲೆ. ಜಪಾನಿ ಕಾಗದಕ್ಕೆ ಚಿನ್ನದ ರೇಕು ಅಂಟಿಸಿ, ದಾರದಷ್ಟು ಸಣ್ಣಗೆ ಸೀಳಿರುತ್ತಾರೆ. ಆ ಎಳೆಗಳನ್ನು ಬಿದಿರಿನ ಕಡ್ಡಿಯಿಂದ ಒಂದೊಂದಾಗಿ ಎಳೆದು ಹೆಣೆಯಬೇಕು. ಎಳೆ ತಿರುಚಿದರೆ ಚಿನ್ನ ಹೋಗಿ ಕಾಗದದ ಬೆನ್ನು ಕಾಣುತ್ತದೆ. ಹಾಗಾಗಿ ಪ್ರತಿ ಎಳೆಗೂ ಅವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಯಾವ ಹಾಸು ದಾರ ಏಳಬೇಕು ಅನ್ನೋದಷ್ಟೇ ಕಾರ್ಡಿನ ಕೆಲಸ.

ಅವರು ನೇಯುತ್ತಿದ್ದ ಓಬಿಯಲ್ಲಿ ಒಂದು ಪೈನ್ ಕೊಂಬೆ, ಸುತ್ತ ಬರೀ ಖಾಲಿ ಜಾಗ. ತುಂಬಿ ತುಳುಕುವ ಓಬಿಗಳೂ ನಿಶಿಜಿನ್‌ನಲ್ಲಿ ಬೇಕಾದಷ್ಟಿವೆ. ಇದನ್ನೂ ತುಂಬಿಸಬಹುದಿತ್ತಲ್ವಾ ಅಂತ ಕೇಳಿದೆ.

"ಬೆನ್ನ ಹಿಂದೆ ಕಟ್ಟಿದಾಗ ಒಂದು ಚೌಕ ಮಾತ್ರ ಕಾಣುತ್ತದೆ. ಅದರಲ್ಲಿ ಕೊಂಬೆ ನಡುವಿಗಿಂತ ಸ್ವಲ್ಪ ಪಕ್ಕಕ್ಕೆ ಬರಬೇಕು" ಎಂದು ಬೆರಳಿನಿಂದ ಗಾಳಿಯಲ್ಲೇ ಚೌಕ ಬರೆದರು.

ಎಷ್ಟು ಬೇಕಾದರೂ ತುಂಬಬಲ್ಲ ಯಂತ್ರ ಅದು. ಎಲ್ಲಿ ಬಿಡಬೇಕು ಅನ್ನೋದು ಮಾತ್ರ ಇವರದ್ದೇ ತೀರ್ಮಾನ. ಜಪಾನಿನ ಚೆಲುವು ಹೊರಗಿನದನ್ನು ದೂರ ಇಟ್ಟು ಉಳಿದಿದ್ದಲ್ಲ ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ಪಕ್ಕದ ಕೋಣೆಯಲ್ಲಿ ಅವರ ಮಗ ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುತ್ತಿದ್ದ. ಎಷ್ಟೋ ಮನೆಗಳಲ್ಲಿ ಕಾರ್ಡಿನ ಜಾಗಕ್ಕೆ ಫ್ಲಾಪಿ ಬಂದೂ ದಶಕಗಳಾದವು. ಅದರ ಬಗ್ಗೆ ನನಗೆ ಭಯವಿಲ್ಲ. ಭಯ ಇರೋದು ಕೈಗಳ ಬಗ್ಗೆ. ಕಿಮೋನೋ ಉಡುವವರು ಕಡಿಮೆ, ನೇಯುವವರಲ್ಲಿ ವಯಸ್ಸಾದವರೇ ಜಾಸ್ತಿ. ಮಗ ಮಗ್ಗಕ್ಕೂ ಕೂರುತ್ತಾನಾ ಅಂತ ಕೇಳಿಯೇಬಿಟ್ಟೆ.

"ಬೆಳಗಿನ ಪಾಳಿ ಅವನದೇ" ಅಂದರು.