ದಿನಾ ಗ್ರಹಣ, ಊಟ ಯಾವಾಗ?

‘ಗ್ರಹಣ ಬಿಡೂತನಕ ಏನೂ ತಿನ್ನಬ್ಯಾಡ’ ಅಂತ ಹುಬ್ಬಳ್ಳಿಯ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೇಳಿದ್ದರಂತೆ. ಇಲ್ಲಿ ಅಮೆರಿಕದ ಪಸಡೀನಾದಲ್ಲಿ, ನಮ್ಮ ಪಕ್ಕದ ಮನೆಯಲ್ಲಿರುವ ಅವರ ಏಳು ವರ್ಷದ ಮೊಮ್ಮಗಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ‘ಅಂಕಲ್, ನಿಮ್ಮ ಲ್ಯಾಬಿನ್ಯಾಗ ದಿನಾ ಗ್ರಹಣ ಮಾಡ್ತೀರಂತ ಪಪ್ಪಾ ಹೇಳಿದ್ರು. ಹಂಗಾದ್ರ ಊಟ ಯಾವಾಗ ಮಾಡ್ತೀರಿ?’

ಪಪ್ಪಾ ಹೇಳಿದ್ದರಲ್ಲಿ ತಪ್ಪಿಲ್ಲ. ಬೇರೆ ನಕ್ಷತ್ರದ ಸುತ್ತಲಿನ ಭೂಮಿಯಂಥ ಗ್ರಹ ಕಣ್ಣಿಗೆ ಬೀಳಬೇಕಾದರೆ ಮೊದಲು ಆ ನಕ್ಷತ್ರಕ್ಕೆ ಗ್ರಹಣ ಹಿಡಿಸಬೇಕು. ಸೂರ್ಯನ ಬೆಳಕಿನ ಸಾವಿರ ಕೋಟಿಯಲ್ಲಿ ಒಂದು ಪಾಲು, ಅಷ್ಟೇ ಭೂಮಿಯ ಬೆಳಕು. 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಎರಡರ ನಡುವಿನ ಅಂತರ, ಒಂದು ಡಿಗ್ರಿಯನ್ನು 3,600 ಪಾಲು ಮಾಡಿದ ಅಳತೆಯಲ್ಲಿ, 0.1 ಆರ್ಕ್‌ಸೆಕೆಂಡ್: ಧಾರವಾಡದಲ್ಲಿ ನಿಂತವರಿಗೆ ಹುಬ್ಬಳ್ಳಿಯ ಕಾಬೂಲಿ ಕಡಲೆ ಕಂಡಷ್ಟು.

ನಡುವೆ ಒಂದು ಕಪ್ಪು ಚುಕ್ಕೆ ಇಟ್ಟು ನಕ್ಷತ್ರವನ್ನು ಮರೆಮಾಡಿದರೆ ಸಾಲದು. ಬೆಳಕು ದೂರದರ್ಶಕದ ಕನ್ನಡಿಯ ಅಂಚಿನಲ್ಲಿ ಬಾಗಿ ಸುತ್ತಲೂ ಚೆಲ್ಲುತ್ತದೆ. ಅದನ್ನು ಹಿಡಿಯಲು ಹಿಂದೆ ಇನ್ನೊಂದು ತಡೆ ಬೇಕು. 1930ರ ದಶಕದ ಆರಂಭದಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಬರ್ನಾರ್ ಲಿಯೋ ಹಾಕಿಕೊಟ್ಟ ದಾರಿ ಇದು. ಆಮೇಲೂ ಉಳಿಯುವ ಪೀಡೆ ಸ್ಪೆಕಲ್. ಕನ್ನಡಿಯ ಅತಿಸಣ್ಣ ಉಬ್ಬುತಗ್ಗುಗಳಿಂದ ಹುಟ್ಟುವ ಈ ಚುಕ್ಕೆಗಳು ಥೇಟ್ ಗ್ರಹದಂತೆಯೇ ಕಾಣುತ್ತವೆ.

ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕದಲ್ಲಿ ಹೀಗೆ ಗ್ರಹಣ ಹಿಡಿಸುವ ಯಂತ್ರವಾದ ಕೊರೊನಾಗ್ರಾಫ್‌ನಲ್ಲಿ ಇದಕ್ಕಾಗಿ ಆಕಾರ ಬದಲಿಸುವ ಎರಡು ಕನ್ನಡಿಗಳಿವೆ. ಒಂದೊಂದಕ್ಕೂ 48×48, ಅಂದರೆ 2,304 ಆಕ್ಚುಯೇಟರ್, ಕನ್ನಡಿಯನ್ನು ಹಿಂದಿನಿಂದ ನೂಕಿ ಎಳೆಯುವ ಪುಟ್ಟ ಸಾಧನಗಳು. ಬೇಕೆಂದೇ ಒಂದು ಗೊತ್ತಿರುವ ಉಬ್ಬು ಕೊಡು, ಚಿತ್ರ ತೆಗೆ. ತಿರುಗಿಸಿ ಅಷ್ಟೇ ತಗ್ಗು ಕೊಡು, ಮತ್ತೆ ತೆಗೆ. ಆ ವ್ಯತ್ಯಾಸಗಳಿಂದ ಬೆಳಕಿನಲೆಯ ಲೆಕ್ಕ ಹಾಕಿ ಅದನ್ನು ಅಳಿಸುವ ಆಕಾರ ಕೊಡು. ಒಮ್ಮೆಗೆ ಆಗುವ ಕೆಲಸವಲ್ಲ. ಮಾಡುತ್ತ ಮಾಡುತ್ತ ನಕ್ಷತ್ರದ ಪಕ್ಕ ಒಂದು ಕತ್ತಲ ಗುಂಡಿ ಬೀಳುತ್ತದೆ. ಅಷ್ಟರಲ್ಲಿ ತಾಪ ಚೂರು ಏರುಪೇರಾದರೂ ಕನ್ನಡಿ ಮಿಸುಕಿ, ಸ್ಪೆಕಲ್ ಮರಳಿ ಹಾಜರ್. ಅನುಮಾನ ಬಂದರೆ ದೂರದರ್ಶಕವನ್ನೇ ತನ್ನ ಅಕ್ಷದಲ್ಲಿ ಕೆಲವು ಡಿಗ್ರಿ ಹೊರಳಿಸಿ ನೋಡುವುದುಂಟು. ಕ್ಯಾಮೆರಾದಲ್ಲಿ ಸ್ಪೆಕಲ್ ಇದ್ದಲ್ಲೇ ಇರುತ್ತದೆ, ಗ್ರಹ ಜಾಗ ಬದಲಿಸುತ್ತದೆ.

ಇಷ್ಟು ಮಾಡಿಯೂ ರೋಮನ್‌ಗೆ ಆ ಕಡಲೆ ಸಿಗದು. ಅದರ ಕನ್ನಡಿ 2.4 ಮೀಟರ್, ಸುಮಾರು 0.15 ಆರ್ಕ್‌ಸೆಕೆಂಡ್‌ವರೆಗಿನದೆಲ್ಲ ಮರೆಯಲ್ಲೇ ಉಳಿಯುತ್ತದೆ. ಅದಕ್ಕೇ ನಾಸಾ ಮುಂದೆ ಕಟ್ಟಬೇಕೆಂದಿರುವ ದೂರದರ್ಶಕ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿಗೆ 6 ಮೀಟರ್ ಆಸುಪಾಸಿನ ಕನ್ನಡಿ, ಅದೂ ಪಿಕೋಮೀಟರ್ (ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿ ಅಲುಗದೆ ನಿಲ್ಲುವಂಥದು. ಅಷ್ಟು ದೊಡ್ಡ ಕನ್ನಡಿಗೂ 100 ನ್ಯಾನೋಮೀಟರ್ ಅಗಲದ ಬಣ್ಣಪಟ್ಟಿಯಲ್ಲಿ ಗ್ರಹದಿಂದ ಸೆಕೆಂಡಿಗೆ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ ಕೂಡ ಬರುವುದಿಲ್ಲ. 760 ನ್ಯಾನೋಮೀಟರ್ ಬಳಿ ಆಮ್ಲಜನಕದ ಗುರುತು ಹುಡುಕುವವರಿಗೆ ತಾಳ್ಮೆ ಬೇಕು.

ದಿನಾ ಗ್ರಹಣ ಮಾಡುವ ಯಂತ್ರ ನಮ್ಮವರದೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿದ ಕೊರೊನಾಗ್ರಾಫ್ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಜೊತೆ ಹಾರಿತು. ಅದರ ಬೇಟೆ ಸೂರ್ಯನ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ. ಬಿಂಬಕ್ಕಿಂತ ಹತ್ತು ಲಕ್ಷ ಪಟ್ಟು ಮಂಕು. ನಮ್ಮ ಕಡಲೆಗೆ ಹೋಲಿಸಿದರೆ ಹಬ್ಬದ ದೀಪ!

1980ರ ಫೆಬ್ರವರಿ 16ರಂದು ಪೂರ್ಣ ಗ್ರಹಣದ ನೆರಳು ಅಂಕೋಲಾ ಕಡೆಯಿಂದ ಹುಬ್ಬಳ್ಳಿ, ರಾಯಚೂರಿನತ್ತ ಹಾದಿತ್ತು. ದೂರದೂರಿನ ವಿಜ್ಞಾನಿಗಳು ದುರ್ಬೀನು ಹೊತ್ತು ಬಂದಿದ್ದರು. ಊರಿನ ಎಷ್ಟೋ ಮನೆಗಳ ಬಾಗಿಲು ಮುಚ್ಚಿತ್ತು. ಅಜ್ಜಿಯದೂ. ‘ಏನೂ ನೋಡಲಿಲ್ಲೇನ ಅಜ್ಜಿ?’ ಅಂತ ಹುಡುಗಿ ಫೋನಿನಲ್ಲಿ ಜುಲುಮೆ ಮಾಡಿದಳು.

ಅಜ್ಜಿ ದನಿ ತಗ್ಗಿಸಿದರು. ‘ಹಂಚಿನ ಸಂದ್ಯಾಗಿಂದ ನೆಲದ ಮ್ಯಾಲ ಬಿಸಲಿನ ಚುಕ್ಕಿ ಬೀಳತಿತ್ತು ನೋಡು. ದಿನಾ ದುಂಡಗಿರ್ತಿತ್ತು. ಅವತ್ತ ಕುಡಗೋಲಿನಂಗ ಆಗಿತ್ತು.’